ಎದೆಯಲ್ಲಿ ಅವಲಕ್ಕಿ, ಹೊಟ್ಟೆಯಲ್ಲಿ ಚಿಟ್ಟೆ

ಕಳೆದ ಡಿಸೆಂಬರಿನಲ್ಲಿ ಮಗಳ ಶಾಲೆಯ ವಾರ್ಷಿಕೋತ್ಸವ ಇತ್ತು. ಬೆಳಿಗ್ಗೆ ತಿಂಡಿ ತಟ್ಟೆಯ ಮುಂದೆ ಕೂತು ದೋಸೆಯನ್ನು ಚೂರು ಚೂರು ಮಾಡುತ್ತಿದ್ದಳು, ಒಂದು ಚೂರೂ ಬಾಯಿಗೆ ಹೋಗುತ್ತಿರಲಿಲ್ಲ. ಏನಾಯ್ತೇ ಅಂದರೆ "ಅಮ್ಮಾ, ಐ ಹ್ಯಾವ್ ಬಟರ್‌ಫ್ಲೈಸ್ ಇನ್ ಮೈ ಸ್ಟಮಕ್" ಅಂದಳು. ಒಂಬತ್ತು ವರ್ಷ ಅವಳಿಗೆ. ನಾಟಕದಲ್ಲಿ ಮರದ ಪಾತ್ರ. ಎರಡು ಮಾತು. ಮರ ಅಂದಮೇಲೆ ಅದೂ ಜಾಸ್ತಿಯೇ.

ಮೊಮ್ಮಗಳ ನಾಟಕ ನೋಡಬೇಕು ಅಂತ ಸಾಗರದ ಕಡೆಯ ನಮ್ಮ ಊರಿನಿಂದ ಅಮ್ಮ, ಅಪ್ಪಯ್ಯ ಇಬ್ಬರೂ ಬೆಂಗಳೂರಿಗೆ ಬಂದಿದ್ದರು. "ಎಂತ ಅಂತೆ ಅವಳಿಗೆ?" ಅಂತ ಅಮ್ಮ ಕೇಳಿದರು. ಹೊಟ್ಟೆಯಲ್ಲಿ ಚಿಟ್ಟೆ ಹಾರ್ತಾ ಇದೆಯಂತೆ ಅಂದೆ. ಅಮ್ಮ ಒಂದು ಗಳಿಗೆ ಯೋಚನೆ ಮಾಡಿ, "ಶಾಲೆಯಲ್ಲಿ ಜಂತುಹುಳದ ಮಾತ್ರೆ ಕೊಡ್ತಾರಲ್ಲ, ಈ ಸಲ ನುಂಗಿದ್ದಾಳೋ ಇಲ್ಲವೋ ಕೇಳು" ಅಂದರು. ಅಷ್ಟು ಹೇಳಿ ಓಮ ಕುದಿಸಲು ಎದ್ದು ಹೋದರು.

ನಾನು ಜೋರಾಗಿ ನಕ್ಕೆ. ಆಮೇಲೆ ಯೋಚಿಸಿದರೆ ನಗುವ ಹಕ್ಕು ನನಗಂತೂ ಇರಲಿಲ್ಲ. ಇದೇ ಚಿಟ್ಟೆಯನ್ನು ನಾನು ಒಮ್ಮೆ ಎಂಥ ಜಾಗದಲ್ಲಿ ಬಿಟ್ಟಿದ್ದೆ ಅನ್ನುವುದು ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ.

2016ರಲ್ಲಿ ಅಪ್ಪಯ್ಯನಿಗೆ ಬೈಪಾಸ್ ಆಯಿತು. ಹಿಂದಿನ ರಾತ್ರಿ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ಆಫೀಸಿಗೆ ರಜೆ ಕೇಳಿ ಮೇಲ್ ಹಾಕಿದೆ. ನಮ್ಮ ಟೀಮಿನ ಮುಖ್ಯಸ್ಥೆ ಇಂಗ್ಲೆಂಡಿನವರು, ವಯಸ್ಸಾದವರು, ಒಳ್ಳೆಯ ಮನುಷ್ಯೆ. ಪ್ರತಿ ದೊಡ್ಡ ಡೆಮೋಗೆ ಮೊದಲು "ನನಗೆ ಇವತ್ತಿಗೂ ಬಟರ್‌ಫ್ಲೈಸ್" ಅನ್ನುತ್ತಿದ್ದರು. ಆ ಮಾತು ನನಗೆ ಬಹಳ ಇಷ್ಟವಾಗಿತ್ತು, ಎಲ್ಲಾದರೂ ಬಳಸಬೇಕು ಅಂತ ಕಾಯುತ್ತಿದ್ದೆ. ಕನ್ನಡ ಮೀಡಿಯಂನಲ್ಲಿ ಓದಿ ಬಂದವರಿಗೆ ಈ ಚಪಲ ಗೊತ್ತಿರುತ್ತದೆ. ಹೊಸ ಇಂಗ್ಲಿಷ್ ನುಡಿ ಸಿಕ್ಕಿದರೆ ಹೊಸ ಸೀರೆ ಸಿಕ್ಕ ಹಾಗೆ, ಉಡುವ ದಿನಕ್ಕೆ ಕಾಯುತ್ತೇವೆ. ನಾನು ಉಟ್ಟದ್ದು ಆ ರಾತ್ರಿ. ನಾಳೆ ನಮ್ಮ ತಂದೆಗೆ ಹೃದಯದ ಆಪರೇಷನ್ ಅಂತ ಬರೆದು ಅದರ ಕೆಳಗೆ "ಐ ಹ್ಯಾವ್ ಅ ಬಟರ್‌ಫ್ಲೈ ಇನ್ ಮೈ ಸ್ಟಮಕ್" ಅಂತ ಸೇರಿಸಿದೆ.

ಒಂದೇ ಒಂದು ಚಿಟ್ಟೆ. ಅದೂ ಅಪ್ಪನ ಎದೆ ಕೊಯ್ಯುವ ಹಿಂದಿನ ರಾತ್ರಿ.

ಅವರು ಆಗ ಏನೂ ಹೇಳಲಿಲ್ಲ. ಎಷ್ಟು ದಿನ ಬೇಕೋ ಅಷ್ಟು ರಜೆ ತಗೋ ಅಂತ ಉತ್ತರ ಬಂತು. ಎರಡು ತಿಂಗಳು ಬಿಟ್ಟು, ಅಪ್ಪಯ್ಯ ಹುಷಾರಾದ ಮೇಲೆ, ಬೇರೇನೋ ಮಾತಾಡುವಾಗ ಮೆಲ್ಲಗೆ ಆ ವಿಷಯ ತೆಗೆದರು. ಆ ಮಾತು ಅಲ್ಲಿಗೆ ಸಲ್ಲುವುದಿಲ್ಲಮ್ಮಾ ಅನ್ನುವ ಧಾಟಿಯಲ್ಲಿ. ಚಿಟ್ಟೆ ಬರುವುದು ನೀನೇ ಬಯಸಿ ಹೋಗುವ ಕಡೆಗೆ: ವೇದಿಕೆ ಹತ್ತುವಾಗ, ಇಂಟರ್ವ್ಯೂ, ಮೊದಲ ಸಲ ಒಬ್ಬ ಹುಡುಗನ ಜೊತೆ ಊಟಕ್ಕೆ ಹೋಗುವಾಗ, ಮದುವೆಯ ಬೆಳಿಗ್ಗೆ. ಹೆದರಿಕೆ ಇರುತ್ತದೆ, ಆದರೆ ಬೇಡ ಅನ್ನಿಸುವುದಿಲ್ಲ. ಆಪರೇಷನ್ನಿಗೆ ಚಿಟ್ಟೆ ಬರುವುದಿಲ್ಲ, ಅದಕ್ಕೆ "ವರೀಡ್ ಸಿಕ್" ಅನ್ನುತ್ತಾರೆ ಅಂದರು. ಜೊತೆಗೆ, ಚಿಟ್ಟೆ ಯಾವಾಗಲೂ ಬಹುವಚನ.

ಬಹುವಚನದ ತಪ್ಪಿಗೆ ನಾನು ಕನ್ನಡವನ್ನೇ ಹೊಣೆ ಮಾಡುತ್ತೇನೆ. ಮನುಷ್ಯರಲ್ಲದ್ದಕ್ಕೆ ನಾವು "ಗಳು" ಹಚ್ಚಲೇಬೇಕು ಅಂತ ಇಲ್ಲ. ನಾಲ್ಕು ಎಮ್ಮೆ, ಹತ್ತು ಮಾವಿನಹಣ್ಣು, ತೋಟದ ತುಂಬ ಚಿಟ್ಟೆ. ತೋಟದ ತುಂಬ ಚಿಟ್ಟೆ ಅಂದರೆ ಒಂದೇ ಚಿಟ್ಟೆ ಅಂತ ಯಾರೂ ತಿಳಿಯುವುದಿಲ್ಲ. ಅದೇ ಲೆಕ್ಕದಲ್ಲಿ ಇಂಗ್ಲಿಷ್ ಬರೆದರೆ ಹೊಟ್ಟೆಯೊಳಗೆ ಒಂಟಿ ಚಿಟ್ಟೆ ಉಳಿಯುತ್ತದೆ.

ಆಮೇಲೆ ಗೊತ್ತಾದ ಒಂದು ಸಂಗತಿಯಿಂದ ಮಾತ್ರ ನನ್ನ ಮರ್ಯಾದೆ ಸ್ವಲ್ಪ ವಾಪಸು ಬಂತು. ಈ ನುಡಿಗಟ್ಟಿನ ಹಳೆಯ ಬಳಕೆ ಎಂದು ಸಾಮಾನ್ಯವಾಗಿ ತೋರಿಸುವುದು 1908ರ ಒಂದು ಕಥೆಯ ಸಾಲನ್ನು. ಬರೆದವರು ಫ್ಲಾರೆನ್ಸ್ ಕಾನ್ವರ್ಸ್ ಎಂಬ ಅಮೆರಿಕದ ಲೇಖಕಿ. ಮೂರು ಗಂಟೆಯ ರೈಲು ಕಣಿವೆಯಲ್ಲಿ ಇಳಿದು ಹೋಗುವುದನ್ನು ಕಂಡಾಗ ಅಲ್ಲಿ ಒಬ್ಬನಿಗೆ ಬೇಸರವಾಗುತ್ತದೆ, ಹೊಟ್ಟೆಯಲ್ಲಿ ಒಂದು ಚಿಟ್ಟೆ ಇದ್ದ ಹಾಗೆ. ಗಮನಿಸಿ: ಒಂದು ಚಿಟ್ಟೆ. ಅದೂ ವೇದಿಕೆಯ ಅಳುಕಿಗಲ್ಲ, ಬೇಸರಕ್ಕೆ. ಅಂದರೆ ನಾನು ಮಾಡಿದ ಎರಡು ತಪ್ಪೂ 1908ರಲ್ಲಿ ತಪ್ಪಾಗಿರಲಿಲ್ಲ. ಸುಮಾರು ನೂರು ವರ್ಷ ತಡವಾಗಿ ಮೇಲ್ ಕಳಿಸಿದ್ದೆ, ಅಷ್ಟೇ.

ಈಗ ಅಪ್ಪಯ್ಯನ ವಿಷಯಕ್ಕೆ ಬರುತ್ತೇನೆ. ಈ ಬರಹ ಶುರುವಾದದ್ದೇ ಅವರಿಂದ.

ಅಪ್ಪಯ್ಯ ತಾಳಮದ್ದಳೆಯ ಅರ್ಥಧಾರಿ. ಕಸುಬಿನವರಲ್ಲ, ಅಡಿಕೆ ತೋಟ ನೋಡಿಕೊಂಡು ಮಳೆಗಾಲದಲ್ಲಿ ಅಕ್ಕಪಕ್ಕದ ಊರಿನ ಕೂಟಗಳಿಗೆ ಹೋಗುತ್ತಿದ್ದವರು. ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ತಾಳಮದ್ದಳೆ ಅಂದರೆ ವೇಷ ಇಲ್ಲದ, ಕುಣಿತ ಇಲ್ಲದ ಯಕ್ಷಗಾನ. ಭಾಗವತರು ಪದ ಹೇಳುತ್ತಾರೆ, ಮದ್ದಳೆ ಇರುತ್ತದೆ, ಅರ್ಥಧಾರಿಗಳು ಬಿಳಿ ಪಂಚೆ ಉಟ್ಟು ಸುಮ್ಮನೆ ಕೂತಿರುತ್ತಾರೆ. ಪದ ಮುಗಿದ ಕೂಡಲೇ ಅದರ ಅರ್ಥವನ್ನು ಪಾತ್ರವಾಗಿ ಮಾತಾಡಬೇಕು. ಬಾಯಿಪಾಠದ ಮಾತಿಲ್ಲ. ಆಗಲೇ ಹುಟ್ಟಬೇಕು. ಎದುರಿಗೆ ಕೂತವರು ಕೃಷ್ಣನೋ ಕರ್ಣನೋ ಆಗಿ ಎಲ್ಲಿಂದ ಯಾವ ಪ್ರಶ್ನೆ ಎಸೆಯುತ್ತಾರೆ ಅನ್ನುವುದು ಯಾರಿಗೂ ಗೊತ್ತಿರುವುದಿಲ್ಲ. ವೇಷ ಕಟ್ಟಿದವನಿಗೆ ಬಣ್ಣದ ಹಿಂದೆ ಅಡಗಲು ಸ್ವಲ್ಪ ಜಾಗ ಇರುತ್ತದೆ. ಅರ್ಥಧಾರಿಗೆ ಅದೂ ಇಲ್ಲ. ಅವನ ಬಾಯಿ ಒಣಗಿದರೆ ಮುಂದಿನ ಸಾಲಿನವರಿಗೆ ಕಾಣಿಸುತ್ತದೆ.

ಕೂಟ ಇದ್ದ ದಿನ ಅಪ್ಪಯ್ಯ ಮಧ್ಯಾಹ್ನದಿಂದಲೇ ಬೇರೆ ಮನುಷ್ಯ. ಊಟ ಸೇರುವುದಿಲ್ಲ. ಎಲೆಯಡಿಕೆಯ ಕವಳದ ಮೇಲೆ ಕವಳ. ಜಗಲಿಯ ಈ ತುದಿಯಿಂದ ಆ ತುದಿಗೆ ನಡೆಯುತ್ತಾ ಗೊಣಗುತ್ತಿರುತ್ತಾರೆ. ನಾವು ಮಕ್ಕಳು ಹತ್ತಿರ ಸುಳಿಯುತ್ತಿರಲಿಲ್ಲ. ಒಮ್ಮೆ ಮಾತ್ರ, ನನಗೆ ಎಂಟೋ ಒಂಬತ್ತೋ ಇರಬೇಕು, ಎಂತ ಆಗ್ತಿದೆ ಅಪ್ಪಯ್ಯ ಅಂತ ಕೇಳಿದ್ದೆ. "ಎಂತ ಇಲ್ಲ ಕೂಸೇ, ಎದೆಯಲ್ಲಿ ಅವಲಕ್ಕಿ ಕುಟ್ತಾ ಇದ್ದಾರೆ" ಅಂದಿದ್ದರು.

ಎದೆಯಲ್ಲಿ ಅವಲಕ್ಕಿ ಕುಟ್ಟುವುದು ಕನ್ನಡದಲ್ಲಿ ಎಲ್ಲರೂ ಆಡುವ ಮಾತು, ಆದರೆ ಇವತ್ತು ಅದನ್ನು ಹೇಳುವವರಲ್ಲಿ ಅವಲಕ್ಕಿ ಕುಟ್ಟುವುದನ್ನು ನೋಡಿದವರು ಎಷ್ಟು ಜನ? ನಾನು ನೋಡಿದ್ದೇನೆ. ನೆನೆಸಿಟ್ಟ ಭತ್ತವನ್ನು ಹುರಿದು, ಬಿಸಿ ಬಿಸಿ ಇರುವಾಗಲೇ ಒರಳಿಗೆ ಸುರಿದು ಕುಟ್ಟಬೇಕು. ಆರಿದರೆ ಅಗಲವಾಗುವುದಿಲ್ಲ, ಪುಡಿಯಾಗುತ್ತದೆ. ಹಾಗಾಗಿ ಆತುರ. ಅಜ್ಜಿ ಮತ್ತು ಪಕ್ಕದ ಮನೆಯ ಸೀತಕ್ಕ ಎದುರು ಬದುರು ನಿಂತು, ಒಬ್ಬರ ಒನಕೆ ಏಳುವಾಗ ಇನ್ನೊಬ್ಬರದ್ದು ಇಳಿಯುವ ಹಾಗೆ, ಧಪ್ ಧಪ್, ಧಪ್ ಧಪ್ ಅಂತ ಉಸಿರು ಬಿಡದೆ ಕುಟ್ಟುತ್ತಿದ್ದರು. ಎರಡು ಒನಕೆ, ಜೋಡಿ ಸದ್ದು. ಡಾಕ್ಟರು ಕಿವಿಗೆ ಸ್ಟೆತಸ್ಕೋಪ್ ಇಟ್ಟರೆ ಕೇಳುವುದೂ ಜೋಡಿ ಸದ್ದೇ ಅಲ್ವಾ. ಈ ಮಾತನ್ನು ಮೊದಲು ಆಡಿದವರು ಯಾರೋ, ಅವರ ಕಿವಿ ಬಹಳ ಚುರುಕು. ಭಯದ ಬರೀ ಜೋರನ್ನಷ್ಟೇ ಹಿಡಿಯಲಿಲ್ಲ, ತಾಳವನ್ನೂ ಹಿಡಿದರು.

ಇದೇ ಮಾತು ಆಸ್ಪತ್ರೆಯಲ್ಲಿ ಒಂದು ಫಜೀತಿ ತಂದಿತು. ಅಡ್ಮಿಟ್ ಮಾಡಿಕೊಳ್ಳುವಾಗ ನರ್ಸ್ ಪ್ರಶ್ನೆಗಳ ಹಾಳೆ ಹಿಡಿದು ಬಂದರು. ಕೇರಳದ ಹುಡುಗಿ, ಕನ್ನಡ ಇನ್ನೂ ಕಲಿಯುತ್ತಿದ್ದಳು. ಎದೆಯಲ್ಲಿ ಏನನ್ನಿಸುತ್ತದೆ ಅಂತ ಕೇಳಿದಳು. ಅಪ್ಪಯ್ಯ ಅವಲಕ್ಕಿ ಅಂದರು. ಅವಳು ನನ್ನ ಮುಖ ನೋಡಿದಳು. ನಾನು ಇಂಗ್ಲಿಷಿನಲ್ಲಿ, ಯಾರೋ ಅವರ ಎದೆಯೊಳಗೆ ಬೀಟನ್ ರೈಸ್ ಕುಟ್ಟುತ್ತಿದ್ದಾರೆ ಅಂದೆ. ಅವಳು ಹಾಳೆಯಲ್ಲಿ ಆಹಾರದ ಕಾಲಂ ಹುಡುಕಿ ಅಲ್ಲಿ ಬರೆದುಕೊಳ್ಳತೊಡಗಿದಳು.

ಬೆಂಗಳೂರಿನಲ್ಲಿ ನಮ್ಮ ಮಹಡಿಯ ಕೆಳಗಿನ ಮನೆಯಲ್ಲಿ ಒಬ್ಬ ತಮಿಳು ಪಾಟಿ ಇದ್ದಾರೆ. ಅವರಿಗೆ ಭಯವಾದರೆ ಹೊಟ್ಟೆಯಲ್ಲಿ ಹುಣಸೆಹಣ್ಣು ಕರಗಿಸಿದ ಹಾಗೆ ಆಗುತ್ತದೆ. ಇದನ್ನು ನಮ್ಮಲ್ಲೂ ಕೆಲವರು ಹೇಳುತ್ತಾರೆ, ಹುಣಸೆಹಣ್ಣು ಕಿವುಚಿದ ಹಾಗೆ ಅಂತ. ಓದುವಾಗಲೇ ಹೊಟ್ಟೆ ಹುಳಿಯಾಗುತ್ತದೆ. ಹಿಂದಿಯವರ ಹೊಟ್ಟೆಯಲ್ಲಿ ಇಲಿ ಕುಣಿಯುತ್ತವೆ, ಆದರೆ ಅದು ಹಸಿವು, ಭಯವಲ್ಲ. ಜರ್ಮನಿಯಲ್ಲಿರುವ ನನ್ನ ಗೆಳತಿಯ ಕಥೆ ಇನ್ನೂ ಚೆನ್ನಾಗಿದೆ. ಅಲ್ಲಿಯೂ ಹೊಟ್ಟೆಯಲ್ಲಿ ಚಿಟ್ಟೆ ಅನ್ನುವ ಮಾತು ಇದೆ ಅಂತ ಗೊತ್ತಾಗಿ, ಆಫೀಸಿನಲ್ಲಿ ಪ್ರೆಸೆಂಟೇಷನ್ನಿಗೆ ಮೊದಲು ಜರ್ಮನ್ನಿನಲ್ಲಿ ಧೈರ್ಯವಾಗಿ ಹೇಳಿದಳಂತೆ. ಎಲ್ಲರೂ ಕಣ್ಣು ಅರಳಿಸಿ ಯಾರು ಅವನು ಅಂತ ಕೇಳಿದರಂತೆ. ಅಲ್ಲಿ ಆ ಚಿಟ್ಟೆ ಪ್ರೀತಿಯ ಲೆಕ್ಕಕ್ಕೆ ಸೇರಿದ್ದು. ವೇದಿಕೆಯ ಭಯಕ್ಕೆ ಅವರದ್ದು ಬೇರೆ ಪದ, ಲಾಂಪನ್‌ಫೀಬರ್. ದೀಪದ ಜ್ವರ! ರಂಗದ ದೀಪಗಳು ಮುಖಕ್ಕೆ ಹೊಡೆದಾಗ ಬರುವ ಜ್ವರ. ಈ ಒಂದು ಪದಕ್ಕಾಗಿ ಜರ್ಮನ್ ಕಲಿಯಬಹುದು ಅನ್ನಿಸಿತು.

ನಮ್ಮಲ್ಲೂ ಒಂದು ಪದ ಇದೆ, ಸಭಾಕಂಪನ. ಒಳ್ಳೆಯ ಪದ. ವ್ಯಕ್ತಿತ್ವ ವಿಕಸನದ ಪುಸ್ತಕಗಳಲ್ಲಿ, ಭಾನುವಾರದ ಪುರವಣಿಗಳಲ್ಲಿ ಕಾಣುತ್ತದೆ. ಆದರೆ "ನನಗೆ ಸಭಾಕಂಪನ ಆಗ್ತಿದೆ ಕಣೇ" ಅಂತ ಯಾರಾದರೂ ಹೇಳಿದ್ದನ್ನು ಕೇಳಿದ್ದೀರಾ? ಸಭಾಕಂಪನ ಯಾವಾಗಲೂ ಇನ್ನೊಬ್ಬರಿಗೆ ಆಗುತ್ತದೆ, ನಾವು ಅದನ್ನು ಹೋಗಲಾಡಿಸುವ ಉಪಾಯ ಹೇಳುತ್ತೇವೆ. ನಮಗೇ ಆದಾಗ ಹೇಳುವ ಮಾತು ಟೆನ್ಷನ್. ಪರೀಕ್ಷೆಗೂ ಟೆನ್ಷನ್, ಗ್ಯಾಸ್ ಖಾಲಿಯಾದರೂ ಟೆನ್ಷನ್, ಮಗಳ ಮದುವೆಗೂ ಟೆನ್ಷನ್. ಎಲ್ಲ ಕಾಲಿಗೂ ಆಗುವ ಚಪ್ಪಲಿ ಅದು. ಹಾಗಾಗಿಯೇ ಅದರಿಂದ ಏನೂ ತಿಳಿಯುವುದಿಲ್ಲ.

ಇದನ್ನೆಲ್ಲ ಸುಮ್ನೆ ಕೂತು ಯೋಚಿಸುವಾಗ ನನಗೆ ಹೊಳೆದದ್ದು ಇದು. ಕನ್ನಡದ ಹೊಟ್ಟೆಗೆ ಬೇರೆ ಬೇರೆ ಕೆಲಸ ಇದೆ. ಹೊಟ್ಟೆಕಿಚ್ಚು ಅಲ್ಲಿ. ನಗು ಅಲ್ಲಿ, ಹೊಟ್ಟೆ ಹುಣ್ಣಾಗುವಷ್ಟು. ತಪ್ಪು ಮಾಡಿದವರು ಹೊಟ್ಟೆಗೆ ಹಾಕ್ಕೊಳ್ಳಿ ಅನ್ನುತ್ತಾರೆ. ಹರಸುವವರು ನಿನ್ನ ಹೊಟ್ಟೆ ತಣ್ಣಗಿರಲಿ ಅನ್ನುತ್ತಾರೆ. ಇಷ್ಟೆಲ್ಲ ಇರುವಾಗ ಭಯಕ್ಕೆ ಅಲ್ಲಿ ಜಾಗ ಸಾಲಲಿಲ್ಲವೋ ಏನೋ, ಅದು ಮೇಲೆ ಹತ್ತಿ ಎದೆಗೆ ಹೋಯಿತು. ಎದೆ ಝಲ್ಲೆನ್ನುತ್ತದೆ, ಎದೆ ಢವಢವ ಅನ್ನುತ್ತದೆ, ಎದೆಗುಂದುತ್ತೇವೆ. ಧೈರ್ಯವೂ ಅಲ್ಲೇ ಇದೆ: ಎದೆಗಾರಿಕೆ, ಗುಂಡಿಗೆ ಇದ್ದರೆ ಬಾ. ಇಂಗ್ಲಿಷಿನವರ ಧೈರ್ಯ ನೋಡಿ, ಗಟ್ಸ್, ಅಂದರೆ ಕರುಳು. ಚಿಟ್ಟೆ ಹಾರುವುದೂ ಅಲ್ಲೇ. ಹುಳದ ವಿಷಯದಲ್ಲೂ ಹಾಗೆಯೇ, ನಾವು ಹುಳ ಬಿಡುವುದು ಇನ್ನೊಬ್ಬರ ತಲೆಗೆ.

ಇಂಗ್ಲಿಷಿನಲ್ಲಿ ಎದೆಯ ಭಯ ಇಲ್ಲವೇ ಇಲ್ಲ ಅಂತಲ್ಲ. ಗಾಂಧೀಜಿ ಬಾರಿಸ್ಟರ್ ಆಗಿ ಬಂದು ಮುಂಬೈಯ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ಮೊದಲ ಕೇಸಿಗೆ ನಿಂತ ಕಥೆ ಗೊತ್ತಿರಬಹುದು. ಪಾಟೀಸವಾಲಿಗೆ ಎದ್ದು ನಿಂತರು, ತಲೆ ತಿರುಗಿತು, ಕೋರ್ಟೇ ತಿರುಗಿದ ಹಾಗೆ ಕಂಡಿತು, ಒಂದು ಪ್ರಶ್ನೆಯೂ ಹೊಳೆಯಲಿಲ್ಲ. ಕೂತರು. ಫೀಸು ವಾಪಸು ಕೊಟ್ಟು ಹೊರಗೆ ನಡೆದರು. ಆತ್ಮಕಥೆಯನ್ನು ಅವರು ಬರೆದದ್ದು ಗುಜರಾತಿಯಲ್ಲಿ. ಅದನ್ನು ಇಂಗ್ಲಿಷಿಗೆ ತಂದ ಮಹಾದೇವ ದೇಸಾಯಿಯವರು ಈ ಜಾಗದಲ್ಲಿ ಹಾಕಿದ್ದು ಹೃದಯ ಕುಸಿದು ಬೂಟಿನೊಳಗೆ ಇಳಿಯಿತು ಅನ್ನುವ ಇಂಗ್ಲಿಷ್ ನುಡಿಗಟ್ಟನ್ನು. ಬೂಟಿನೊಳಗೆ! ಅದು ಸರಿಯಾದ ಆಯ್ಕೆ ಅನ್ನಿಸುತ್ತದೆ. ಅಲ್ಲಿ ಚಿಟ್ಟೆ ಹಾಕಿದ್ದರೆ ಕೆಟ್ಟುಹೋಗುತ್ತಿತ್ತು. ಚಿಟ್ಟೆ ಇದ್ದವನು ಎರಡು ಮಾತು ಆಡಿಯೇ ಆಡುತ್ತಾನೆ, ಕೂತುಬಿಡುವುದಿಲ್ಲ.

ನನಗೂ ಚಿಟ್ಟೆಯ ಪರಿಚಯ ಇರಲಿಲ್ಲ, ಮೊದಲಿನಿಂದಲೂ ಅವಲಕ್ಕಿಯೇ. ಆಗಸ್ಟ್ 15ರ ಭಾಷಣಕ್ಕೆ "ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ, ಗುರುವೃಂದದವರೇ ಮತ್ತು ನನ್ನ ನೆಚ್ಚಿನ ಸಹಪಾಠಿಗಳೇ" ಅನ್ನುವ ತನಕ ಒಂದೇ ಉಸಿರಿನಲ್ಲಿ ಹೋಗಿ, ಮುಂದಿನ ಸಾಲು ಎಲ್ಲಿ ಅಂತ ಧ್ವಜಸ್ತಂಭ ನೋಡುತ್ತಾ ನಿಂತವಳು ನಾನು. ಆಗ ಎದೆ ಬಡಿದದ್ದು ನೆನಪಿದೆ, ಕಾಲು ನಡುಗಿದ್ದು ನೆನಪಿದೆ. ಹೊಟ್ಟೆಯ ನೆನಪೇ ಇಲ್ಲ. ಆದರೆ ಆಫೀಸಿನಲ್ಲಿ ಆ ಮಾತು ಕಲಿತ ಮೇಲೆ ಏನಾಯಿತು ಅಂದರೆ, ಡೆಮೋಗೆ ಮೊದಲು ನನ್ನ ಗಮನ ತಾನಾಗಿ ಹೊಟ್ಟೆಯ ಕಡೆಗೆ ಹೋಗತೊಡಗಿತು. ಹೌದು, ಅಲ್ಲಿಯೂ ಏನೋ ಇತ್ತು. ಪಟಪಟ ಅನ್ನುವಂಥದ್ದು. ಮೊದಲೂ ಇತ್ತೋ, ಮಾತು ಕಲಿತ ಮೇಲೆ ಬಂತೋ, ಈಗಲೂ ಹೇಳಲಾರೆ. ಎದೆಯ ಸದ್ದು ಮಾತ್ರ ಸ್ವಲ್ಪ ದೂರ ಸರಿದ ಹಾಗಾಯಿತು, ಪಕ್ಕದ ಮನೆಯಲ್ಲಿ ಯಾರೋ ಕುಟ್ಟುತ್ತಿದ್ದಾರೆ ಅನ್ನುವಷ್ಟು.

ಹೊಟ್ಟೆಯಲ್ಲಿ ಏನಾಗುತ್ತದೆ ಅನ್ನುವುದನ್ನು ಮೊದಮೊದಲು ಕಣ್ಣಾರೆ ಕಂಡವರಲ್ಲಿ ಒಬ್ಬರು ವಾಲ್ಟರ್ ಕ್ಯಾನನ್. ರಾಂಟ್ಜನ್ ಎಕ್ಸ್‌ರೇ ಕಂಡುಹಿಡಿದದ್ದು 1895ರಲ್ಲಿ. ಮರು ವರ್ಷವೇ ಹಾರ್ವರ್ಡ್‌ನಲ್ಲಿ ಇನ್ನೂ ವೈದ್ಯ ವಿದ್ಯಾರ್ಥಿಯಾಗಿದ್ದ ಕ್ಯಾನನ್, ಪ್ರಾಣಿಗಳಿಗೆ ಎಕ್ಸ್‌ರೇಗೆ ಕಾಣುವ ಬಿಸ್ಮತ್ ಬೆರೆಸಿದ ಊಟ ಹಾಕಿ ಅದು ಒಳಗೆ ಹೇಗೆ ಸಾಗುತ್ತದೆ ಅಂತ ಎಕ್ಸ್‌ರೇಯಲ್ಲಿ ನೋಡತೊಡಗಿದರು. ಬೆಕ್ಕಿನ ಜಠರ ಅಲೆ ಅಲೆಯಾಗಿ ಆಡುತ್ತಿತ್ತು. ಬೆಕ್ಕಿಗೆ ಗಾಬರಿಯಾದಾಗ ಅಥವಾ ಸಿಟ್ಟು ಬಂದಾಗ ಅಲೆ ಗಕ್ಕನೆ ನಿಲ್ಲುತ್ತಿತ್ತು. ಸಮಾಧಾನ ಮಾಡಿದರೆ ಮತ್ತೆ ಶುರು. ಹೋರಾಡು ಇಲ್ಲವೇ ಓಡು ಅನ್ನುವ ತತ್ವವನ್ನು ಮುಂದೆ ಬೆಳೆಸಿದವರೂ ಅವರೇ. ಮೂತ್ರಪಿಂಡದ ಮೇಲೆ ಕೂತ ಪುಟ್ಟ ಗ್ರಂಥಿಗಳು ಅಡ್ರಿನಲಿನ್ ಬಿಡುತ್ತವೆ. ಹೃದಯ ಜೋರಾಗುತ್ತದೆ, ರಕ್ತ ಹೊಟ್ಟೆಯ ಕಡೆಯಿಂದ ಕೈಕಾಲಿನ ಸ್ನಾಯುಗಳಿಗೆ ತಿರುಗುತ್ತದೆ, ಬಾಯಿ ಒಣಗುತ್ತದೆ. ಹುಲಿ ಬಂದಾಗ ದೋಸೆ ಜೀರ್ಣ ಮಾಡಿಕೊಂಡು ಕೂರುವುದರಲ್ಲಿ ಅರ್ಥವಿಲ್ಲ ಅನ್ನುವುದು ದೇಹದ ಲೆಕ್ಕ. ಕರುಳಿನ ಗೋಡೆಯಲ್ಲಿ ಹತ್ತು ಕೋಟಿಗೂ ಹೆಚ್ಚು ನರಕೋಶಗಳ ಬಲೆಯೇ ಇದೆ, ಅದಕ್ಕೆ ಈ ಏರುಪೇರೆಲ್ಲ ಗೊತ್ತಾಗುತ್ತದೆ. ನನಗೆ ಮಜಾ ಅನ್ನಿಸಿದ್ದು, ಜಠರ ಆಡುವುದನ್ನು ನಿಲ್ಲಿಸಿದ ಹೊತ್ತಿನಲ್ಲೇ ನಾವು ಅಲ್ಲಿ ಏನೋ ಹಾರಾಡುತ್ತಿದೆ ಅನ್ನುತ್ತೇವೆ.

ಅಂದರೆ ಅವಲಕ್ಕಿ ಕುಟ್ಟುವವರೂ ಚಿಟ್ಟೆ ಬಿಡುವವರೂ ಒಂದೇ ಮನೆಯವರು. ಒಂದೇ ಅಡ್ರಿನಲಿನ್. ಯಾವುದನ್ನು ಕಿವಿಗೊಟ್ಟು ಕೇಳುತ್ತೇವೆ ಅನ್ನುವುದಷ್ಟೇ ಬೇರೆ. ಹೆಸರು ಬದಲಾಯಿಸಿದರೆ ಕೆಲಸವೂ ಬದಲಾಗಬಹುದು ಅನ್ನುವುದಕ್ಕೆ ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಿವೆ. ಅಪರಿಚಿತರ ಮುಂದೆ ಹಾಡುವುದು, ಭಾಷಣ ಮಾಡುವುದು, ಲೆಕ್ಕ ಬಿಡಿಸುವುದು. ಮೊದಲು ಕೆಲವರಿಂದ ನಾನು ಶಾಂತವಾಗಿದ್ದೇನೆ ಅಂತಲೋ ನನಗೆ ಗಾಬರಿಯಾಗಿದೆ ಅಂತಲೋ ಹೇಳಿಸಿದರು, ಕೆಲವರಿಂದ ನನಗೆ ಉತ್ಸಾಹ ಉಕ್ಕುತ್ತಿದೆ ಅಂತ. ಉತ್ಸಾಹ ಅಂದವರು ಚೆನ್ನಾಗಿ ಮಾಡಿದರು. ಬಡಿಯುವ ಎದೆಯನ್ನು ಸುಮ್ಮನಿರಿಸುವುದು ಕಷ್ಟ, ಅದು ಯಾಕೆ ಬಡಿಯುತ್ತಿದೆ ಅನ್ನುವ ಕಥೆ ಬದಲಾಯಿಸುವುದು ಸುಲಭ. ಚಿಟ್ಟೆ ಅನ್ನುವ ಮಾತು ಈ ಕೆಲಸವನ್ನು ಪ್ರಯೋಗಾಲಯ ಇಲ್ಲದೆಯೇ ಮಾಡುತ್ತಿತ್ತು ಅನ್ನಿಸುತ್ತದೆ. ಚಿಟ್ಟೆಗೆ ಯಾರು ಹೆದರುತ್ತಾರೆ?

ಇದೆಲ್ಲ ಎಲ್ಲರಿಗೂ ನಡೆಯುತ್ತದೆ ಅಂತ ನಾನು ನಂಬುವುದಿಲ್ಲ. ಪಾಬ್ಲೊ ಕಸಾಲ್ಸ್ ಲೋಕವೇ ಮೆಚ್ಚಿದ ಚೆಲ್ಲೊ ವಾದಕ, ಜೀವನವಿಡೀ ವೇದಿಕೆಯ ಭಯದಲ್ಲಿ ಬೆಂದವರು. 1901ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರದ ತಮಾಲ್ಪಾಯಿಸ್ ಬೆಟ್ಟ ಹತ್ತುವಾಗ ಬಂಡೆಯೊಂದು ಉರುಳಿ ಎಡಗೈ ಬೆರಳುಗಳು ಜಜ್ಜಿಹೋದವು. ಆ ಕ್ಷಣ ಅವರ ಮನಸ್ಸಿಗೆ ಮೊದಲು ಬಂದದ್ದು, ಸದ್ಯ, ದೇವರು ದೊಡ್ಡವನು, ಇನ್ನು ಚೆಲ್ಲೊ ನುಡಿಸಬೇಕಾಗಿಲ್ಲ ಅನ್ನುವ ಸಮಾಧಾನ. ಬೆರಳು ಗುಣವಾಯಿತು, ಪಾಪ, 1961ರಲ್ಲಿ ಶ್ವೇತಭವನದಲ್ಲಿ ನುಡಿಸುವಾಗಲೂ ಅವರಿಗೆ 84 ವರ್ಷ. ಅವರ ಹೊಟ್ಟೆಯಲ್ಲಿದ್ದದ್ದು ಚಿಟ್ಟೆ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ.

ಆಪರೇಷನ್ ಆಗಿ ಒಂದು ವರ್ಷಕ್ಕೆ, 2017ರ ಶ್ರಾವಣದಲ್ಲಿ, ಅಪ್ಪಯ್ಯ ಮತ್ತೆ ಕೂಟಕ್ಕೆ ಕೂತರು. ಕರ್ಣನ ಪಾತ್ರ, ಎಷ್ಟೋ ಸಲ ಮಾಡಿದ್ದು. ನಾನೂ ಹೋಗಿದ್ದೆ. ಮಾತು ತಪ್ಪಲಿಲ್ಲ, ನಿಲ್ಲಲಿಲ್ಲ, ಆದರೆ ಏಳಲೂ ಇಲ್ಲ. ಹೆಸರುಕಾಳು ಎಣಿಸಿಟ್ಟ ಹಾಗೆ ಒಂದಾದ ಮೇಲೆ ಒಂದು ಮಾತು ಬಂತು. ವಾಪಸು ಬರುವಾಗ ಜೀಪಿನಲ್ಲಿ ತುಂಬ ಹೊತ್ತು ಸುಮ್ಮನಿದ್ದು, "ಅವಲಕ್ಕಿ ಕುಟ್ಟಲೇ ಇಲ್ಲ ಕೂಸೇ" ಅಂದರು. ಮಧ್ಯಾಹ್ನದಿಂದ ಕಾದರಂತೆ. ಎದೆ ಗೋಡೆ ಗಡಿಯಾರದ ಹಾಗೆ ತನ್ನ ಪಾಡಿಗೆ ತಾನು ಹೊಡೆದುಕೊಳ್ಳುತ್ತಿತ್ತಂತೆ. ಊಟವೂ ಸೇರಿತಂತೆ. ಅದನ್ನು ಬೈಗುಳದ ಹಾಗೆ ಹೇಳಿದರು.

ಮಾತ್ರೆಯ ಕೆಲಸ ಅದು. ಬೈಪಾಸ್ ಆದವರಿಗೆ ಸಾಮಾನ್ಯವಾಗಿ ಕೊಡುವ ಬೀಟಾ ಬ್ಲಾಕರ್. ಅಡ್ರಿನಲಿನ್ ಬಂದು ಬಾಗಿಲು ತಟ್ಟಿದರೂ ಹೃದಯ ತೆಗೆಯದ ಹಾಗೆ ಅದು ಚಿಲಕ ಹಾಕುತ್ತದೆ. ಇದೇ ಬಳಗದ ಪ್ರೊಪ್ರನೊಲಾಲ್ ಅನ್ನು 1960ರ ದಶಕದಲ್ಲಿ ರೂಪಿಸಿದವರು ಜೇಮ್ಸ್ ಬ್ಲಾಕ್, 1988ರಲ್ಲಿ ಅವರಿಗೆ ನೊಬೆಲ್ ಬಂತು. ಹೃದ್ರೋಗಕ್ಕೆ ಅಂತ ಬಂದ ಆ ಮಾತ್ರೆಯನ್ನು ಪಶ್ಚಿಮದ ಸಂಗೀತಗಾರರು ಕಛೇರಿಗೆ ಮೊದಲು ನುಂಗತೊಡಗಿದರು, ಪಿಟೀಲಿನ ಕಮಾನು ನಡುಗಬಾರದು ಅಂತ. ಗುರಿ ಇಡುವವರಿಗೂ ಅದರ ಮೇಲೆ ಕಣ್ಣು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಉತ್ತರ ಕೊರಿಯಾದ ಶೂಟರ್ ಕಿಮ್ ಜೊಂಗ್ ಸು ಎರಡು ಪದಕ ಕಳೆದುಕೊಂಡದ್ದು ಇದೇ ಪ್ರೊಪ್ರನೊಲಾಲ್‌ನಿಂದ. (ಇದನ್ನು ಓದಿ ಯಾರೂ ಔಷಧಿ ಅಂಗಡಿಗೆ ಓಡಬೇಡಿ. ಆಸ್ತಮಾ ಇದ್ದವರಿಗೆ ಅಪಾಯ, ಡಾಕ್ಟರನ್ನು ಕೇಳದೆ ಮುಟ್ಟುವಂಥದ್ದಲ್ಲ.) ಬೇರೆಯವರು ಬಯಸಿ ನುಂಗುವುದನ್ನು ಅಪ್ಪಯ್ಯ ಬೇಡವಾಗಿ ನುಂಗುತ್ತಿದ್ದರು. ಅವರಿಗೆ ಆ ಕುಟ್ಟುವ ಸದ್ದೇ ಶ್ರುತಿಯಾಗಿತ್ತು ಅಂತ ಕಾಣುತ್ತದೆ. ಯರ್ಕ್ಸ್, ಡಾಡ್ಸನ್ ಅನ್ನುವ ಇಬ್ಬರು ವಿಜ್ಞಾನಿಗಳು ಇಲಿಗಳಿಗೆ ಕರೆಂಟು ಕೊಟ್ಟು, ಕಷ್ಟದ ಕೆಲಸಕ್ಕೆ ಶಾಕ್ ತೀರ ಕಡಿಮೆಯಾದರೂ ತೀರ ಹೆಚ್ಚಾದರೂ ಕಲಿಕೆ ಹಿಂದೆ ಬೀಳುತ್ತದೆ ಅಂತ ತೋರಿಸಿದ್ದರು. ಅದೂ 1908ರಲ್ಲೇ, ಆ ಒಂಟಿ ಚಿಟ್ಟೆ ಅಚ್ಚಾದ ವರ್ಷ. ನಾನು ಇದನ್ನು ಅಪ್ಪಯ್ಯನಿಗೆ ಹೇಳಿದೆ. ಇಲಿಗೆ ಯಾಕೆ ಕರೆಂಟು ಕೊಟ್ಟರು ಅಂತ ಕೇಳಿದರು, ಅಷ್ಟೇ. ಮತ್ತೆ ಕೂಟಕ್ಕೆ ಹೋಗಲಿಲ್ಲ.

ಹಾಗಾಗಿ ಕಳೆದ ಡಿಸೆಂಬರಿನ ಆ ಬೆಳಿಗ್ಗೆ, ಅಮ್ಮ ಓಮ ಕುದಿಸಲು ಎದ್ದು ಹೋದ ಮೇಲೆ, ಅಪ್ಪಯ್ಯ ಮೊಮ್ಮಗಳ ಹತ್ತಿರ ಸರಿದು ಕೂತದ್ದನ್ನು ನಾನು ಅಷ್ಟಾಗಿ ಗಮನಿಸಲಿಲ್ಲ. ಎಲ್ಲಿ ಹಾರುತ್ತದೆ ಅಂತ ಕೇಳಿದರು. ಅವಳು ಹೊಕ್ಕುಳಿನ ಮೇಲೆ ಬೆರಳಿಟ್ಟಳು. ಎದೆಯಲ್ಲಿ ಇಲ್ಲವಾ? ಇಲ್ಲ ಅಜ್ಜ, ಇಲ್ಲೇ. ನೋಯುತ್ತದಾ? ಇಲ್ಲ, ಕಚಗುಳಿ ಥರ, ಆದರೆ ವಾಂತಿ ಥರಾನೂ. ಮಾತು ಬರುತ್ತದಾ ಆಗ? ಸ್ಟೇಜಿಗೆ ಹೋದರೆ ಬರುತ್ತೆ ಅಂದಳು. ಸಂಜೆ ಮರ ಎರಡೂ ಮಾತನ್ನು ಆಡಿತು, ಒಂದನ್ನು ಸ್ವಲ್ಪ ಬೇಗ.

ಈ ಶ್ರಾವಣದಲ್ಲಿ ಊರಿನ ದೇವಸ್ಥಾನದಲ್ಲಿ ಉತ್ತರ ಗೋಗ್ರಹಣದ ಪ್ರಸಂಗ ಇಟ್ಟರು. ಅಪ್ಪಯ್ಯ ತಾವಾಗಿಯೇ ಉತ್ತರಕುಮಾರನ ಪಾತ್ರ ಕೇಳಿ ಪಡೆದರು ಅಂತ ಅಮ್ಮ ಫೋನ್ ಮಾಡಿದಾಗ ನಂಬಲಿಲ್ಲ. ಕರ್ಣ, ಭೀಷ್ಮ ಮಾಡಿದವರು. ಉತ್ತರ ಅಂದರೆ ಅರಮನೆಯ ಹೆಂಗಸರ ಮುಂದೆ ಮೀಸೆ ತಿರುವಿ, ಕೌರವರ ಸೇನೆ ಕಂಡ ಕೂಡಲೇ ರಥದಿಂದ ಧುಮುಕಿ ಓಡುವವನು. ಉತ್ತರನ ಪೌರುಷ ಒಲೆಯ ಮುಂದೆ ಅಂತ ಗಾದೆಯನ್ನೇ ಮಾಡಿಟ್ಟಿದ್ದೇವೆ.

ಮಗಳನ್ನು ಕರೆದುಕೊಂಡು ಹೋದೆ. ಹೊರಗೆ ಮಳೆ. ಕೂಟಕ್ಕೆ ಮೊದಲು ಅಪ್ಪಯ್ಯ ಅವಳನ್ನು ಹತ್ತಿರ ಕರೆದು ಕಿವಿಯಲ್ಲಿ ಏನೋ ಹೇಳಿದರು. ಎಂತ ಹೇಳಿದ್ದು ಅಂದರೆ ಅವಳು, "ಅಜ್ಜನಿಗೆ ಎದೆಯಲ್ಲಿ ಏನೂ ಇಲ್ಲವಂತೆ. ಹೊಟ್ಟೆಯಲ್ಲಿ ಇದೆಯಂತೆ" ಅಂದಳು.

ಒಲೆಯ ಮುಂದಿನ ಪೌರುಷ ಚೆನ್ನಾಗಿ ಬಂತು. ಜನ ನಕ್ಕರು. ಆಮೇಲೆ ರಥ ಹೊರಟಿತು, ಬೃಹನ್ನಳೆಯಾಗಿ ಕೂತವರು ಪಕ್ಕದ ಊರಿನ ಮೇಷ್ಟರು, ಮಾತಿಗೆ ಬಹಳ ಚುರುಕು. ಕೌರವ ಸೇನೆ ಕಾಣುವ ಪದವನ್ನು ಭಾಗವತರು ಎಳೆದು ಹಾಡಿ ನಿಲ್ಲಿಸಿದರು. ಅಪ್ಪಯ್ಯ ತಕ್ಷಣ ಮಾತಾಡಲಿಲ್ಲ. ಕೈ ಮೆಲ್ಲಗೆ ಹೊಟ್ಟೆಯ ಮೇಲೆ ಹೋಯಿತು.

"ಬೃಹನ್ನಳೇ, ರಥ ನಿಲ್ಲಿಸು. ಎದೆಯಲ್ಲಿ ನನಗೆ ಯಾವ ಅಂಜಿಕೆಯೂ ಇಲ್ಲ, ಮತ್ಸ್ಯರಾಜನ ಮಗ ನಾನು. ಆದರೆ ಈ ಹೊಟ್ಟೆಯಿದೆಯಲ್ಲ, ಇದರೊಳಗೆ ಚಿಟ್ಟೆ ಹಾರುತ್ತಿವೆ. ಒಂದಲ್ಲ. ಸಾವಿರ."

ಮೇಷ್ಟರು ಈ ಮಾತನ್ನು ಯಾವ ಕೂಟದಲ್ಲೂ ಕೇಳಿರಲಿಕ್ಕಿಲ್ಲ. ಕನ್ನಡಕ ಸರಿಮಾಡಿಕೊಂಡರು. ಮದ್ದಳೆಯವರ ಕೈ ಗಾಳಿಯಲ್ಲೇ ನಿಂತಿತ್ತು.

"ಹಾಗಾದರೆ ಬಾಯಿ ಮುಚ್ಚಿಕೋ ರಾಜಕುಮಾರ" ಅಂದರು. "ಹಾರಿ ಹೋದಾವು."